ಪೆನ್ ಡ್ರೈವ್ ಸಾಗಿಸೋ ಚೀಲ, ಕಣಜ ಅಲ್ಲ

ಇವತ್ತು ಬೆಳೆ ವಿಷಯ ಬರೀತಿಲ್ಲ. ತೆಂಗಿನ ಗೊಬ್ಬರದ ಎರಡನೇ ಭಾಗ ಮುಂದಿನ ವಾರಕ್ಕೆ ಇರ್ಲಿ. ಇವತ್ತಿನದು ಹೆಬ್ಬೆರಳಷ್ಟು ಉದ್ದದ ಒಂದು ಸಾಮಾನಿನ ವಿಷಯ. ಹೊಲಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳೋರು ಸ್ವಲ್ಪ ತಾಳ್ಮೆ ಇಟ್ಕೊಂಡು ಓದಿ.

ನಮ್ಮ ಅಪ್ಪಂದಿರ ಕಾಲದಲ್ಲಿ ಪ್ರತಿ ಮನೆಯಲ್ಲೂ ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕು ಇರ್ತಿತ್ತು. ಪಹಣಿ, ಕ್ರಯಪತ್ರ, ಕಂದಾಯದ ರಸೀದಿ, ಸೊಸೈಟಿ ಸಾಲದ ಪುಸ್ತಕ, ಮಕ್ಕಳ ಜಾತಕ, ಎಲ್ಲಾ ಅದರೊಳಗೆ. ಬೀಗದ ಕೈ ಅಮ್ಮನ ಸೆರಗಿನಲ್ಲಿ. ಈಗ ಆ ಟ್ರಂಕಿನ ಜಾಗಕ್ಕೆ ಪೆನ್ ಡ್ರೈವ್ ಬಂದಿದೆ. ಸರ್ವೆ ಮಾಡಿಸಿದ 11ಇ ನಕ್ಷೆ, ಮ್ಯುಟೇಷನ್ ಪ್ರತಿ, ಮನೆಮಂದಿಯ ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಣ್ಣು ಪರೀಕ್ಷೆ ವರದಿ, ಬೆಳೆ ಹಾಳಾದಾಗ ತೆಗೆದ ಫೋಟೋ, ತಂಗಿ ಮದುವೆ ವಿಡಿಯೋ, ಜೊತೆಗೆ ಟ್ರ್ಯಾಕ್ಟರಿನಲ್ಲಿ ಹಾಕೋಕೆ ಮುನ್ನೂರು ಹಾಡು. ಎಲ್ಲಾ ಒಂದರಲ್ಲೇ. ಆ ಒಂದು ಎಲ್ಲಿರುತ್ತೆ? ಟ್ರ್ಯಾಕ್ಟರ್ ಕೀ ಗೊಂಚಲಿನಲ್ಲಿ, ಇಲ್ಲಾ ಅಂಗಿ ಜೇಬಿನಲ್ಲಿ, ಇಲ್ಲಾ ಪೇಟೆಯ ಜೆರಾಕ್ಸ್ ಅಂಗಡಿಯ ಟೇಬಲ್ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪೆನ್ ಡ್ರೈವ್ ಒಳ್ಳೆ ಸಾಮಾನು, ಬೇಕೇ ಬೇಕಾದ ಸಾಮಾನು. ಆದರೆ ಅದನ್ನ ಮಾಡಿರೋದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋಕೆ. ನಾವು ಅದನ್ನ ಕಣಜ ಮಾಡ್ಕೊಂಡಿದೀವಿ. ಮಂಡಿಗೆ ರಾಗಿ ಒಯ್ಯೋ ಚೀಲದಲ್ಲೇ ವರ್ಷದ ದವಸಾನೂ, ಮುಂದಿನ ಬಿತ್ತನೆ ಬೀಜಾನೂ ತುಂಬಿ, ಆ ಚೀಲವನ್ನ ಟ್ರ್ಯಾಕ್ಟರಿಗೆ ನೇತುಹಾಕ್ಕೊಂಡು ಓಡಾಡಿದ ಹಾಗೆ ಇದು.

ಒಳಗೆ ಏನಿದೆ ಅನ್ನೋದು ಗೊತ್ತಾದ್ರೆ ಹೀಗ್ಯಾಕೆ ಹೇಳ್ತಿದೀನಿ ಅಂತ ಅರ್ಥ ಆಗುತ್ತೆ. ಪೆನ್ ಡ್ರೈವಿನೊಳಗೆ ಇರೋದು ಫ್ಲ್ಯಾಶ್ ಮೆಮೊರಿ ಅನ್ನೋ ಚಿಪ್. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫ್ಯೂಜಿಯೋ ಮಸುವೋಕಾ ಅನ್ನೋ ಇಂಜಿನಿಯರು 1980ರ ದಶಕದಲ್ಲಿ ಕಂಡುಹಿಡಿದಿದ್ದು. ಅದನ್ನ ಕಂಪ್ಯೂಟರಿಗೆ ಚುಚ್ಚೋ ಯುಎಸ್‌ಬಿ ವ್ಯವಸ್ಥೆ 1996ರಲ್ಲಿ ಬಂತು. ಇಂಟೆಲ್ ಕಂಪನಿಯಲ್ಲಿ ಆ ಕೆಲಸದ ಮುಂದಾಳುಗಳಲ್ಲಿ ಒಬ್ಬರಾದ ಅಜಯ್ ಭಟ್ ನಮ್ಮ ದೇಶದೋರೇ, ಬರೋಡಾದಲ್ಲಿ ಓದಿದೋರು. ಎರಡೂ ಸೇರಿ ಪೆನ್ ಡ್ರೈವ್ ಆಗಿ ಅಂಗಡಿಗೆ ಬಂದಿದ್ದು 2000ದಲ್ಲಿ. ಆಗ ಅದರಲ್ಲಿ ಹಿಡೀತಿದ್ದದ್ದು 8 ಎಂಬಿ. ಇವತ್ತು ಫೋನಲ್ಲಿ ತೆಗೆದ ಎರಡು ಮೂರು ಫೋಟೋ ಹಾಕಿದ್ರೆ ತುಂಬಿಹೋಗೋ ಅಷ್ಟು. ಆದರೂ ಜನ ಖುಷಿಪಟ್ರು, ಯಾಕಂದ್ರೆ ಅದಕ್ಕೂ ಮುಂಚೆ ಇದ್ದ ಫ್ಲಾಪಿಯಲ್ಲಿ ಹಿಡೀತಿದ್ದದ್ದು 1.44 ಎಂಬಿ. ಅಂದ್ರೆ ಅದು ಹುಟ್ಟಿದ್ದೇ ಫ್ಲಾಪಿ ಬದಲಿಗೆ, ಕಡತ ಸಾಗಿಸೋಕೆ.

ಆ ಚಿಪ್‌ನಲ್ಲಿ ಕೋಟಿಗಟ್ಟಲೆ ಪುಟ್ಟ ಪುಟ್ಟ ಹೊಂಡಗಳಿವೆ ಅಂದ್ಕೊಳ್ಳಿ. ನಾವು ಒಂದು ಫೋಟೋ ಹಾಕಿದಾಗ ಆ ಹೊಂಡಗಳಲ್ಲಿ ಎಲೆಕ್ಟ್ರಾನ್ ಅನ್ನೋ ವಿದ್ಯುತ್ ಕಣಗಳನ್ನ ಕೂಡಿಹಾಕುತ್ತೆ. ಯಾವ ಹೊಂಡದಲ್ಲಿ ಎಷ್ಟಿದೆ ಅನ್ನೋದೇ ನಮ್ಮ ಫೋಟೋ, ನಮ್ಮ ಪಹಣಿ. ಕೃಷಿ ಹೊಂಡ ಮಾಡ್ಸಿದೋರಿಗೆ ಗೊತ್ತು, ಎಷ್ಟೇ ಚೆನ್ನಾಗಿ ಮಾಡ್ಸಿದ್ರೂ ಒಂದಷ್ಟು ಜಿನುಗುತ್ತೆ. ಇಲ್ಲೂ ಹಾಗೇ. ಕರೆಂಟಿಲ್ಲದೆ ಸುಮ್ಮನೆ ಇಟ್ಟ ಡ್ರೈವಿನಲ್ಲಿ ಆ ಕಣಗಳು ನಿಧಾನಕ್ಕೆ ಸೋರ್ತವೆ. ಬಿಸಿ ಜಾಸ್ತಿಯಾದ್ರೆ ಬೇಗ ಸೋರ್ತವೆ. ಇನ್ನೊಂದು, ಪ್ರತಿ ಸಲ ಅಳಿಸಿ ಹೊಸದು ಬರೆದಾಗಲೂ ಆ ಕಣಗಳನ್ನ ಏರಿಯ ಮೂಲಕವೇ ನುಗ್ಗಿಸಬೇಕು, ಏರಿ ಒಂಚೂರು ಸವೆಯುತ್ತೆ. ಓದಿದ್ರೆ ಅಷ್ಟು ಸವೆಯಲ್ಲ, ಅಳಿಸಿ ಬರೆದ್ರೆ ಸವೆಯುತ್ತೆ.

ಹಳೇ ಚಿಪ್‌ಗಳಲ್ಲಿ ಹೊಂಡ ತುಂಬಿದೆಯಾ, ಖಾಲಿಯಾ ಅಂತ ಮಾತ್ರ ನೋಡ್ತಿದ್ರು. ಈಗ ಅಗ್ಗದಲ್ಲಿ ಜಾಸ್ತಿ ಹಿಡಿಸಬೇಕಲ್ಲ, ಒಂದೇ ಹೊಂಡದಲ್ಲಿ ಎಂಟು ಮಟ್ಟದ ಗುರುತು ಇಟ್ಟು ಓದ್ತಾರೆ. ಆಗ ಒಂಚೂರು ಸೋರಿದ್ರೂ ಐದನೇ ಗುರುತು ನಾಲ್ಕನೇದು ಆಗಿಬಿಡುತ್ತೆ. ಹಾಗಾಗಿ ಈಗಿನ ಅಗ್ಗದ ಡ್ರೈವ್‌ಗಳ ಚಿಪ್ ಅಳಿಸಿ ಬರೆಯೋದನ್ನ ತಡೆದುಕೊಳ್ಳೋದು ಸಾವಿರಗಳ ಲೆಕ್ಕದಲ್ಲಿ. ಹಳೇ ದುಬಾರಿ ಚಿಪ್‌ಗಳು ಲಕ್ಷದವರೆಗೂ ತಡೀತಿದ್ವು. ಚುಚ್ಚೋ ಮೂತಿಗೂ ಲೆಕ್ಕ ಇದೆ. ಆ ಹಳೇ ಚಪ್ಪಟೆ ಮೂತಿಗೆ ನಿಯಮದಲ್ಲಿ ಹೇಳಿರೋದು ಕನಿಷ್ಠ 1,500 ಸಲ ಚುಚ್ಚಿ ತೆಗೆದ್ರೂ ಬಾಳಬೇಕು ಅಂತ. ದಿನಾ ನಾಲ್ಕು ಸಲ ಟ್ರ್ಯಾಕ್ಟರಿಗೆ ಚುಚ್ಚಿ ತೆಗೆಯೋರಿಗೆ ಅದು ಒಂದು ವರ್ಷ ಚಿಲ್ಲರೆ ಅಷ್ಟೇ.

ಮೂರು ನಾಲ್ಕು ವರ್ಷ ಏನೂ ಆಗದೇನೂ ಇರಬಹುದು. ಹತ್ತು ವರ್ಷದ ಹಳೇದು ಈಗಲೂ ಚೆನ್ನಾಗೇ ಓಡ್ತಿರೋದನ್ನ ನಾನೂ ನೋಡಿದೀನಿ. ಕಷ್ಟ ಏನಂದ್ರೆ ಅದು ಕೆಡೋ ಮುಂಚೆ ಹೇಳಲ್ಲ. ಕಾಗದಕ್ಕೆ ಗೆದ್ದಲು ಹತ್ತಿದ್ರೆ ಅಂಚಿನಿಂದ ತಿಂತಾ ಬರುತ್ತೆ, ಕಣ್ಣಿಗೆ ಕಾಣುತ್ತೆ. ಇದು ನಿನ್ನೆ ಸಂಜೆ ಚೆನ್ನಾಗಿತ್ತು, ಇವತ್ತು ಬೆಳಿಗ್ಗೆ ‘ಫಾರ್ಮ್ಯಾಟ್ ಮಾಡ್ಬೇಕು’ ಅನ್ನುತ್ತೆ.

ನಮ್ಮೂರಲ್ಲಿ ಆಗಿದ್ದೊಂದು ಹೇಳ್ತೀನಿ. ಹೆಸರು ಬೇಡ. ಒಬ್ಬ ಹಿರಿಯರು, ಊರಿಗೆಲ್ಲಾ ತಾತ, 1987ರಿಂದ ಮಳೆ ಲೆಕ್ಕ ಬರೆದಿಟ್ಟಿದ್ರು. ಉದ್ದನೆ ಲೆಕ್ಕದ ಪುಸ್ತಕದಲ್ಲಿ ಯಾವ ದಿನ, ಯಾವ ಮಳೆ, ಅಶ್ವಿನಿಯೋ ಭರಣಿಯೋ ಆರಿದ್ರೆಯೋ, ಎಷ್ಟು ಹದ ಆಯ್ತು, ಕೆರೆ ಕೋಡಿ ಬಿತ್ತಾ, ಅವತ್ತು ಯಾರ ಹೊಲದಲ್ಲಿ ಏನು ಬಿತ್ತಿದ್ರು, ಇಷ್ಟೂ ಇತ್ತು. ಸರ್ಕಾರದ ಮಳೆಮಾಪಕ ಇದ್ದದ್ದು ಹೋಬಳಿ ಕೇಂದ್ರದಲ್ಲಿ. ಅಲ್ಲಿ ಸುರಿದು ನಮ್ಮೂರಲ್ಲಿ ಒಂದು ಹನಿ ಬೀಳದ ದಿನಗಳು ಎಷ್ಟೋ ಇವೆ. ನಮ್ಮೂರಿನ ಮಳೆ ಗೊತ್ತಿದ್ದದ್ದು ಆ ಪುಸ್ತಕಗಳಿಗೆ ಮಾತ್ರ.

2020ರಲ್ಲಿ ಲಾಕ್‌ಡೌನ್ ಆದಾಗ ಮೊಮ್ಮಗ ಬೆಂಗಳೂರಿಂದ ಊರಿಗೆ ಬಂದ. ತಾತನ ಪಕ್ಕ ಕೂತ್ಕೊಂಡು, ಅರ್ಥ ಆಗದ ಅಕ್ಷರ ಕೇಳಿ ಕೇಳಿ, ಮೂವತ್ತು ವರ್ಷದ್ದನ್ನೂ ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ಹೊಡೆದ. ಅಂಥ ಕೆಲಸ ಮಾಡೋ ಹುಡುಗರು ಎಷ್ಟು ಜನ ಇದಾರೆ? ಎಲ್ಲಾ ಒಂದು ಪೆನ್ ಡ್ರೈವಿಗೆ ಹಾಕಿ ಮನೆಯಲ್ಲಿ ಕೊಟ್ಟ. ಕೆಲಸದ ಲ್ಯಾಪ್‌ಟಾಪು ಕಂಪನಿದು, ವಾಪಸ್ ಹೋಯ್ತು. ಎರಡು ವರ್ಷ ಆದ್ಮೇಲೆ ಹಳೇ ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದ್ರು. ಸಾಮಾನು ಸಾಗಿಸುವಾಗ ಮನೆಯೋರು ಅಂದ್ರು, ಆ ಪುಸ್ತಕ ಅರ್ಧ ಗೆದ್ದಲು ತಿಂದಿದೆ, ಹೆಂಗಿದ್ರೂ ಪೆನ್ ಡ್ರೈವಿನಲ್ಲಿ ಇದೆಯಲ್ಲ. ಗುಜರಿಯೋರ ಗಾಡಿಗೆ ಹೋಯ್ತು.

ಪೆನ್ ಡ್ರೈವ್ ಎಲ್ಲಿತ್ತು? ಅದರಲ್ಲಿ ಜಾಗ ಇನ್ನೂ ಇತ್ತು ಅಂತ ಹಾಡು ತುಂಬಿಸಿ ಟ್ರ್ಯಾಕ್ಟರಿಗೆ ಹಾಕಿದ್ರು. ಬಿಸಿಲು, ಧೂಳು, ಕುಲುಕಾಟ, ಎಂಜಿನ್ ಓಡ್ತಿರುವಾಗಲೇ ಕಿತ್ತು ಹಾಕೋದು. ಒಂದು ದಿನ ಹಾಡು ಬರಲಿಲ್ಲ. ಕಂಪ್ಯೂಟರಿಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡಿ ಅಂತು. ಪೇಟೆಯಲ್ಲಿ ಯಾರೋ ಫಾರ್ಮ್ಯಾಟ್ ಮಾಡಿಯೂ ಕೊಟ್ರು, ಹಾಡೂ ತುಂಬಿಸಿ ಕೊಟ್ರು. ಮೊಮ್ಮಗ ನನ್ನ ಹತ್ರ ತಂದಾಗ ಹಳೇದರ ಮೇಲೆ ಹೊಸದು ಬರೆದು ಮುಗಿದಿತ್ತು. ‘ಅಣ್ಣಾ, ಒಂದ್ಸಲ ನೋಡಿ, ಏನಾದ್ರೂ ಸಿಗುತ್ತಾ’ ಅಂದ. ಹುಡುಕಿದ್ವಿ. ಸಿಕ್ಕಿದ್ದು ಮದುವೆ ಫೋಟೋ ಒಂದಷ್ಟು.

ಕೊನೆಗೆ ಉಳಿದಿದ್ದು ಮೂರು ವರ್ಷದ ಮಳೆ. ಅದು ಹೇಗೆ ಉಳೀತು ಅಂದ್ರೆ, ಹೊಡೆಯುವಾಗ ಓದೋಕಾಗದ ಪುಟಗಳ ಫೋಟೋ ತೆಗೆದು ಅವನು ಚಿಕ್ಕಪ್ಪನ ಮಗಳಿಗೆ ಕಳಿಸಿ ‘ಇದೇನು ಅಕ್ಷರ ನೋಡು’ ಅಂತ ಕೇಳಿದ್ದ. ಆ ಹುಡುಗಿ ಅಳಿಸಿರಲಿಲ್ಲ. ತಾತ ಯಾರಿಗೂ ಬಯ್ಯಲಿಲ್ಲ. ‘ಮೊದಲೇ ಹೇಳಿದ್ರೆ ಪುಸ್ತಕ ನನ್ನ ತಲೆದೆಸೆಯಲ್ಲೇ ಇಟ್ಕೊತಿದ್ನಲ್ಲಪ್ಪ’ ಅಂದ್ರು ಅಷ್ಟೇ.

ಇಲ್ಲಿ ಪೆನ್ ಡ್ರೈವ್ ಕೆಟ್ಟಿದ್ದು ದೊಡ್ಡ ವಿಷಯ ಅಂತ ನನಗೆ ಅನ್ಸಲ್ಲ. ಕೆಡೋ ಸಾಮಾನು ಕೆಡ್ತು. ದೊಡ್ಡದು ಯಾವುದಂದ್ರೆ ‘ಪೆನ್ ಡ್ರೈವಿನಲ್ಲಿ ಇದೆಯಲ್ಲ’ ಅನ್ನೋ ಮಾತು. ಆ ಮಾತು ನಂಬಿ ನಾವು ಮೂಲವನ್ನ ಎಸೀತೀವಿ. ಒಂದು ಇದ್ದದ್ದು ಎರಡಾಗಬೇಕಿತ್ತು, ಮತ್ತೆ ಒಂದೇ ಆಯ್ತು, ಅದೂ ಮೊದಲಿಗಿಂತ ಅಲ್ಪಾಯುಷಿ.

ನಮ್ಮ ಹಿಂದಿನೋರು ಈ ವಿಷಯದಲ್ಲಿ ನಮಗಿಂತ ಜಾಣರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯೋ ‘ಕಡತ’ ಅಂತ ಮಾಡ್ತಿದ್ರು. ಇವತ್ತಿಗೂ ಆಫೀಸಿನಲ್ಲಿ ಫೈಲಿಗೆ ಕಡತ ಅಂತಾನೇ ಕರೀತೀವಿ. ಅದು ಬೇಕಾದಾಗ ಅಳಿಸಿ ಮತ್ತೆ ಬರೆಯೋ ಲೆಕ್ಕದ ಸಾಮಾನು. ಶಾಶ್ವತವಾಗಿ ಇರಬೇಕಾದ್ದನ್ನ ತಾಮ್ರದಲ್ಲಿ, ಕಲ್ಲಿನಲ್ಲಿ ಕೊರೆಸ್ತಿದ್ರು. ಯಾವುದಕ್ಕೆ ಯಾವುದು ಅನ್ನೋ ವಿವೇಕ ಇತ್ತು. ಓಲೆಗರಿಯನ್ನೂ ಅದರಷ್ಟಕ್ಕೆ ನಂಬಿ ಕೂರಲಿಲ್ಲ. ಎಣ್ಣೆ ಸವರ್ತಿದ್ರು, ಹಳೇದಾದಾಗ ಇನ್ನೊಂದು ಗರಿಗೆ ನಕಲು ಮಾಡ್ತಿದ್ರು. ಕೌಟಿಲ್ಯನ ಅರ್ಥಶಾಸ್ತ್ರ ಕಳೆದೇಹೋಯ್ತು ಅಂತ ಲೋಕ ಅಂದ್ಕೊಂಡಿದ್ದಾಗ 1905ರಲ್ಲಿ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ತು, 1909ರಲ್ಲಿ ಅಚ್ಚಾಯ್ತು. ಅವರಿಗೆ ಸಿಕ್ಕ ಓಲೆ ಎರಡು ಸಾವಿರ ವರ್ಷದ ಹಳೇದೇನಲ್ಲ. ನಕಲಿನ ನಕಲು. ಹೆಸರೂ ಗೊತ್ತಿಲ್ಲದ ಎಷ್ಟೋ ಜನ ಕೂತು ಬರೆದಿದ್ದಕ್ಕೆ ಅದು ಉಳೀತು.

ಬೀಜಾನೂ ಹಾಗೇ ಅಲ್ವಾ? ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತೆ, ನಿಜ, ಆದ್ರೆ ಅದು ಊಟದ ರಾಗಿ. ಬಿತ್ತನೆ ರಾಗಿಯನ್ನ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಬೇರೆ ಇಡ್ತೀವಿ, ಕಾಲಕಾಲಕ್ಕೆ ಬಿತ್ತಿ ಹೊಸದು ಮಾಡ್ಕೊತೀವಿ, ಅಕ್ಕನ ಮನೆಗೆ ನಾಲ್ಕು ಸೇರು ಕೊಟ್ಟಿರ್ತೀವಿ. ನಮ್ಮ ಹೊಲದಲ್ಲಿ ಹೋದ್ರೂ ಅವರ ಹೊಲದಲ್ಲಿ ಇರುತ್ತೆ. ಕಂಪ್ಯೂಟರಿನೋರು ಹೇಳೋ ನಿಯಮಾನೂ ಇದೇ: ಮೂರು ಪ್ರತಿ, ಎರಡು ಬೇರೆ ಬೇರೆ ರೀತಿಯ ಸಾಮಾನಿನಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ.

ಇದಕ್ಕೆ ಬರೋ ಮಾತು ನನಗೆ ಗೊತ್ತು. ‘ಈಗ ಎಲ್ಲಾ ಆನ್‌ಲೈನ್ ಇದೆ, ಭೂಮಿ ಇದೆ, ಡಿಜಿಲಾಕರ್ ಇದೆ, ಗೂಗಲ್ ಇದೆ, ಪೆನ್ ಡ್ರೈವ್ ಯಾರಿಗೆ ಬೇಕು?’ ಅರ್ಧ ಸರಿ. ಹಾಗಾಗಿ ಮೊದಲು ಮನೆಯ ಕಾಗದವನ್ನ ಎರಡು ರಾಶಿ ಮಾಡ್ಕೊಳ್ಳಿ, ರಾಗಿ ತೂರಿದ ಹಾಗೆ.

ಮೊದಲನೇ ರಾಶಿ, ಕಳೆದ್ರೂ ಮತ್ತೆ ಸಿಗೋದು. ಈಗಿನ ಪಹಣಿ ಭೂಮಿಯಲ್ಲಿ ಸಿಗುತ್ತೆ. ಆಧಾರ್ ಮತ್ತೆ ಇಳಿಸ್ಕೊಬಹುದು. ನೋಂದಣಿ ಆದ ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತಗೋಬಹುದು. ಸಿನಿಮಾ ಹಾಡಂತೂ ಎಲ್ಲಿ ಬೇಕಾದ್ರೂ ಇದೆ. ಇವು ಪೆನ್ ಡ್ರೈವಿನಲ್ಲೇ ಇರ್ಲಿ, ಹೋದ್ರೆ ಹೋಗ್ಲಿ.

ಎರಡನೇ ರಾಶಿ, ಹೋದ್ರೆ ಯಾವ ಕಚೇರಿಯಲ್ಲೂ ಸಿಗದೇ ಇರೋದು. ಅಣ್ಣತಮ್ಮಂದಿರು ಊರಿನ ಹಿರಿಯರ ಮುಂದೆ ಬರೆದುಕೊಂಡ, ನೋಂದಣಿ ಆಗದ ಪಾಲುಪಟ್ಟಿ. ಕಂಪ್ಯೂಟರ್ ಬರೋ ಮುಂಚಿನ ಕೈಬರಹದ ಪಹಣಿ. ಇದು ತಾಲ್ಲೂಕು ಕಚೇರಿ ರೆಕಾರ್ಡ್ ರೂಮಿಗೆ ಅಲೆದ್ರೆ ಸಿಕ್ಕೀತು, ಅಲ್ಲೂ ಗೆದ್ದಲು ಇರುತ್ತೆ. ಬೋರ್‌ವೆಲ್ ಕೊರೆಸುವಾಗ ಎಷ್ಟು ಅಡಿಗೆ ಯಾವ ಮಣ್ಣು, ಎಲ್ಲಿ ನೀರು ಅಂತ ಬರೆದ ಚೀಟಿ. ಬದುವಿನ ಗುರುತಿನ ಕಲ್ಲು ಇದ್ದಾಗ ತೆಗೆದ ಫೋಟೋ. ಮಳೆ ಲೆಕ್ಕ. ಅಜ್ಜಿ ಹಾಡಿದ ರಾಗಿ ಬೀಸೋ ಪದ, ಅವರ ದನಿಯಲ್ಲೇ. ಇದಕ್ಕೆ ಮೂರು ಪ್ರತಿಯ ನಿಯಮ. ಕಾಗದದ್ದಾಗಿದ್ರೆ ಮೂಲ ಕಾಗದ ಯಾವ ಕಾರಣಕ್ಕೂ ಎಸೀಬೇಡಿ. ಸ್ಕ್ಯಾನ್ ಮಾಡಿದ ಚಿತ್ರ ಮೂಲ ಆಗಲ್ಲ. ನಾಳೆ ಜಮೀನಿನ ವ್ಯಾಜ್ಯ ಕೋರ್ಟಿಗೆ ಹೋದ್ರೆ ಅಲ್ಲಿ ಮೊದಲು ಕೇಳೋದು ಮೂಲ ದಾಖಲೆಯನ್ನೇ.

ಇನ್ನು ಗೂಗಲ್. ಬೇಡ ಅನ್ನಲ್ಲ, ಒಂದು ಪ್ರತಿ ಅಲ್ಲೂ ಇರ್ಲಿ. 15 ಜಿಬಿ ಪುಕ್ಕಟೆ ಕೊಡ್ತಾರೆ. ಆದರೆ ನಮ್ಮಲ್ಲಿ ಅಪ್ಪನ ಅಕೌಂಟನ್ನ ಮಗ ಮಾಡಿಕೊಟ್ಟಿರ್ತಾನೆ, ಪಾಸ್‌ವರ್ಡ್ ಇಬ್ಬರಿಗೂ ಮರೆತಿರುತ್ತೆ, ಸಿಮ್ ಬದಲಾಗಿರುತ್ತೆ, ಒಟಿಪಿ ಬರೋದು ಹಳೇ ನಂಬರಿಗೆ. ಎರಡು ವರ್ಷ ಬಳಸದೇ ಇರೋ ಅಕೌಂಟನ್ನ ಅಳಿಸೋ ನಿಯಮಾನೂ ಅವರು ಮಾಡ್ಕೊಂಡಿದಾರೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದ್ರೆ ಕುಗ್ಗಿಸಿ ಕಳಿಸುತ್ತೆ, ನಕ್ಷೆಯ ಸಣ್ಣ ಅಂಕಿ ಕಾಣಲ್ಲ. ಕಳಿಸೋದಾದ್ರೆ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸಿ. ಮೇಲಾಗಿ ನೆಟ್‌ವರ್ಕಿಗೆ ತೆಂಗಿನ ತೋಟದ ಮೂಲೆಗೆ ಹೋಗಿ ಕೈ ಎತ್ತಿ ನಿಲ್ಲೋ ಊರುಗಳು ಇನ್ನೂ ಇವೆ. ಪೆನ್ ಡ್ರೈವ್ ಬಿಟ್ಟು ಬದುಕೋಕೆ ನಮಗೆ ಆಗಲ್ಲ. ಬಳಸೋದನ್ನ ಕಲೀಬೇಕು.

ಕೊಳ್ಳುವಾಗ: 2 ಟಿಬಿ ಪೆನ್ ಡ್ರೈವ್ ಮುನ್ನೂರು ರೂಪಾಯಿಗೆ ಅಂತ ಫೋನಲ್ಲಿ ಜಾಹೀರಾತು ಬರುತ್ತೆ. ಅದು ಮೋಸ. ಒಳಗೆ ಇರೋದು ಸಣ್ಣ ಚಿಪ್, ಹೊರಗೆ ಮಾತ್ರ 2 ಟಿಬಿ ಅಂತ ತೋರಿಸೋ ಹಾಗೆ ತಿದ್ದಿರ್ತಾರೆ. ಜಾಗ ತುಂಬಿದ್ಮೇಲೂ ತಗೊಳ್ತಾ ಹೋಗುತ್ತೆ, ಹಳೇದರ ಮೇಲೇ ಬರೀತಾ ಹೋಗುತ್ತೆ. ಹೆಸರು ಕಾಣುತ್ತೆ, ತೆರೆದ್ರೆ ಫೋಟೋ ಇರಲ್ಲ. ನಂಬೋ ಅಂಗಡಿಯಲ್ಲಿ ರಸೀದಿ ಸಮೇತ ತಗೊಳ್ಳಿ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಖಾಲಿ ಡ್ರೈವನ್ನ ಒಮ್ಮೆ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಬಹುದು. ಹಾಗಂತ 32 ಜಿಬಿ ತಗೊಂಡು 29.8 ತೋರಿಸಿದ್ರೆ ಗಾಬರಿ ಬೇಡ. ಕಂಪನಿಯೋರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ, ಅದಕ್ಕೆ ಆ ವ್ಯತ್ಯಾಸ. ಒಂದು ದೊಡ್ಡದರ ಬದಲು ಎರಡು ಸಣ್ಣದು ತಗೊಳ್ಳೋದು ನನ್ನ ಸಲಹೆ. ಒಂದು ಬದಿ ಫೋನಿಗೆ, ಒಂದು ಬದಿ ಕಂಪ್ಯೂಟರಿಗೆ ಹಾಕೋ ಎರಡು ಮೂತಿಯದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಫೋನಿಂದ ನೇರ ಇಳಿಸ್ಕೊಬಹುದು, ಅಂಗಡಿ ಕಂಪ್ಯೂಟರ್ ಬೇಕಾಗಲ್ಲ.

ಎರಡಕ್ಕೂ ಕೆಲಸ ಹಂಚಿ. ಒಂದು ಊರು ತಿರುಗೋದು, ಇನ್ನೊಂದು ಮನೆಯದು. ಊರು ತಿರುಗೋದರಲ್ಲಿ ಹಾಡು, ಮತ್ತು ಅವತ್ತು ಪ್ರಿಂಟ್ ತೆಗೆಸಬೇಕಾದ ಕಾಗದ ಮಾತ್ರ. ಟ್ರ್ಯಾಕ್ಟರ್ ಸ್ಟೀರಿಯೋಗೆ ‘ಫ್ಯಾಟ್32’ ಅಂತ ಫಾರ್ಮ್ಯಾಟ್ ಇರಬೇಕು, ಬೇರೆಯದನ್ನ ಬಹಳಷ್ಟು ಸ್ಟೀರಿಯೋ ಓದಲ್ಲ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಹಿಡಿಯಲ್ಲ, ಮದುವೆ ವಿಡಿಯೋ ಹಾಕೋಕೆ ಹೋಗಿ ‘ಜಾಗ ಇದ್ರೂ ತಗೋತಿಲ್ಲ’ ಅಂತ ಒದ್ದಾಡೋದು ಇದಕ್ಕೇ. ಮನೆಯದಕ್ಕೆ ‘ಎಕ್ಸ್‌ಫ್ಯಾಟ್’ ಮಾಡಿ, ಆ ತೊಂದರೆ ಇರಲ್ಲ. ಮನೆಯದು ಹೊಸಿಲು ದಾಟಬಾರದು.

ಜೆರಾಕ್ಸ್ ಅಂಗಡಿಯಲ್ಲಿ: ದಿನಕ್ಕೆ ನೂರು ಜನರ ಪೆನ್ ಡ್ರೈವ್ ಚುಚ್ಚೋ ಜಾಗ ಅದು. ನರ್ಸರಿ ಸಸಿ ಬೇರಿನ ಜೊತೆ ಜಂತುಹುಳು ನಮ್ಮ ತೋಟಕ್ಕೆ ಬರೋ ಹಾಗೆ ವೈರಸ್ ಬರುತ್ತೆ. ಇರಾನಿನ ನತಾಂಜ್ ಅಣು ಕೇಂದ್ರದ ಯಂತ್ರಗಳನ್ನ ಕೆಡಿಸಿದ ಸ್ಟಕ್ಸ್‌ನೆಟ್ ಅನ್ನೋ ವೈರಸ್ 2010ರಲ್ಲಿ ಬಯಲಿಗೆ ಬಂತು. ಹೊರಗಿನ ನೆಟ್‌ವರ್ಕಿನ ಸಂಪರ್ಕವೇ ಇಲ್ಲದ ಕಡೆ ಅದು ಹೊಕ್ಕಿದ್ದು ಯುಎಸ್‌ಬಿ ಡ್ರೈವ್ ಮೂಲಕ ಅಂತಾನೇ ತಿಳಿದೋರು ಹೇಳೋದು. ನಮಗೆ ಬರೋದು ಅಷ್ಟು ದೊಡ್ಡದಲ್ಲ. ಫೋಲ್ಡರ್ ಎಲ್ಲಾ ಶಾರ್ಟ್‌ಕಟ್ ಆಗಿ ಕಾಣುತ್ತೆ, ಒಳಗಿದ್ದದ್ದು ಮಾಯ. ಹೆದರಿ ಫಾರ್ಮ್ಯಾಟ್ ಮಾಡಿಸಬೇಡಿ. ಬಹಳ ಸಲ ಫೈಲು ಅಲ್ಲೇ ಇರುತ್ತೆ, ವೈರಸ್ ಅದನ್ನ ಅಡಗಿಸಿರುತ್ತೆ ಅಷ್ಟೇ. ‘ವ್ಯೂ’ನಲ್ಲಿ ‘ಹಿಡನ್ ಐಟಮ್ಸ್’ ಆರಿಸಿದ್ರೆ ಕೆಲವು ಸಲ ಕಾಣುತ್ತೆ. ಕಾಣದಿದ್ರೆ ‘ಆಟ್ರಿಬ್’ ಕಮಾಂಡ್ ಗೊತ್ತಿರೋರ ಹತ್ರ ತೋರಿಸಿ. ಆ ಶಾರ್ಟ್‌ಕಟ್‌ಗಳ ಮೇಲೆ ಮಾತ್ರ ಒತ್ತಬೇಡಿ.

ಇನ್ನೊಂದು ವಿಷಯ. ಪ್ರಿಂಟ್ ತೆಗೆದ್ಮೇಲೆ ನಮ್ಮ ಆಧಾರ್, ಪಹಣಿ, ಪಾಸ್‌ಬುಕ್ ಆ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೇ ಕೂತಿರುತ್ತೆ. ಅಂಗಡಿಯೋರು ಒಳ್ಳೆಯೋರೇ ಇರಬಹುದು, ಅವರ ಹಿಂದೆ ಬಂದು ಕೂರೋರು ಯಾರೋ. ‘ಅಳಿಸಿ ಸಾರ್, ರಿಸೈಕಲ್ ಬಿನ್‌ನಿಂದಾನೂ ತೆಗೀರಿ’ ಅಂತ ಕೇಳೋದಕ್ಕೆ ನಾಚಿಕೆ ಬೇಡ. ಇ-ಆಧಾರ್‌ಗೆ ಪಾಸ್‌ವರ್ಡ್ ಇದೆ ಅಂತ ಧೈರ್ಯವಾಗಿ ಇರಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ, ಊರಿಗೇ ಗೊತ್ತಿರೋ ಪಾಸ್‌ವರ್ಡ್ ಅದು. ಒಪ್ಪೋ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ.

ಕೀಳುವಾಗ: ಡ್ರೈವಿನಲ್ಲಿ ದೀಪ ಮಿಣಕ್ತಿದ್ರೆ ಅದು ಇನ್ನೂ ಬರೀತಿದೆ ಅಂತ. ಆಗ ಕಿತ್ರೆ ಬರೀತಿದ್ದ ಫೈಲು ಮಾತ್ರ ಅಲ್ಲ, ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿಯೇ ಕೆಡಬಹುದು. ಕಂಪ್ಯೂಟರಿನಲ್ಲಿ ‘ಇಜೆಕ್ಟ್’ ಕೊಟ್ಟು ತೆಗೀರಿ. ಟ್ರ್ಯಾಕ್ಟರಿನಲ್ಲಾದ್ರೆ ಸ್ಟೀರಿಯೋ ಆಫ್ ಮಾಡಿ ತೆಗೀರಿ.

ಇಡೋದು: ಬೇಸಿಗೆಯಲ್ಲಿ ಟ್ರ್ಯಾಕ್ಟರ್, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಯೂರಿಯಾ, ಪೊಟ್ಯಾಷ್ ಮುಟ್ಟಿದ ಕೈಯಲ್ಲಿ ಮೂತಿ ಮುಟ್ಟಬೇಡಿ, ಆ ಉಪ್ಪು ತೇವ ಎಳೆದು ಲೋಹ ತಿನ್ನುತ್ತೆ. ಮುಚ್ಚಳ ಇರೋದನ್ನೇ ತಗೊಳ್ಳಿ, ಮುಚ್ಚಳ ಹಾಕಿ. ಮಳೆಯಲ್ಲಿ ನೆನೆದ್ರೆ, ಅಂಗಿ ಜೊತೆ ಒಗೆದುಹೋದ್ರೆ, ತಕ್ಷಣ ಚುಚ್ಚಿ ನೋಡೋ ಚಪಲ ಬೇಡ. ನೆರಳಲ್ಲಿ ಎರಡು ಮೂರು ದಿನ ಚೆನ್ನಾಗಿ ಒಣಗಲಿ, ಎಷ್ಟೋ ಸಲ ಬದುಕಿರುತ್ತೆ. ಒಲೆ ಹತ್ರ ಇಟ್ಟು ಒಣಗಿಸಬೇಡಿ. ಮನೆಯದನ್ನ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿಡಿ. ಅದರ ಮೇಲೆ ಮಾರ್ಕರಿನಲ್ಲಿ ಕೊಂಡ ವರ್ಷ ಬರೀರಿ. ಒಳಗೆ ಸರ್ವೆ ನಂಬರಿನ ಹೆಸರಲ್ಲಿ ಫೋಲ್ಡರ್ ಮಾಡಿ. ‘ಐಎಂಜಿ 2034’ ಅಂತ ಇದ್ರೆ ನಾಳೆ ಮಕ್ಕಳು ಅದನ್ನ ಬದುವಿನ ಕಲ್ಲಿನ ಫೋಟೋ ಅಂತ ಹೇಗೆ ತಿಳ್ಕೊತಾರೆ?

ವರ್ಷಕ್ಕೊಮ್ಮೆ ನಕಲು. ಇದಕ್ಕೆ ನಾನು ಆರಿಸಿಕೊಂಡಿರೋದು ಆಯುಧ ಪೂಜೆಯ ಹಿಂದಿನ ದಿನ. ನೇಗಿಲು, ಕುಡ್ಲು, ಪಂಪ್‌ಸೆಟ್, ಟ್ರ್ಯಾಕ್ಟರ್ ಎಲ್ಲಾ ಅವತ್ತು ತೊಳೆದು ನೋಡ್ತೀವಲ್ಲ, ಇದನ್ನೂ ನೋಡಬೇಕು. ಸುಮ್ಮನೆ ಚುಚ್ಚಿ ತೆಗೆದ್ರೆ ಸಾಲದು. ಎಲ್ಲಾ ಫೈಲು ಕಂಪ್ಯೂಟರಿಗೆ ಇಳಿಸಿ, ನಾಲ್ಕಾರು ತೆರೆದು ನೋಡಿ, ಮತ್ತೆ ಹೊಸದಾಗಿ ಡ್ರೈವಿಗೆ ಬರೀಬೇಕು. ಆಗ ಸೋರಿದ ಹೊಂಡ ಮತ್ತೆ ತುಂಬಿಕೊಳ್ಳುತ್ತೆ. ಐದು ವರ್ಷ ಆಗಿದ್ರೆ ಅದನ್ನ ಹಾಡಿಗೆ ಬಿಟ್ಟು ಮನೆಗೆ ಹೊಸದು ತಗೊಳ್ಳಿ. ಇನ್ನೊಂದು ಪ್ರತಿ ಮಾಡಿ ಅಕ್ಕನ ಮನೆಯಲ್ಲೋ ಭಾವನ ಮನೆಯಲ್ಲೋ ಇಡಿ. ಮಾರನೇ ದಿನ ಅರಿಶಿನ ಕುಂಕುಮ ಡಬ್ಬಿಗೆ ಇಡಿ, ಮೂತಿಗೆ ಬೇಡ.

ಕೆಟ್ಟೇಹೋದ್ರೆ: ಮೊದಲನೇ ಕೆಲಸ, ಏನೂ ಬರೆಯಬೇಡಿ. ಅಳಿಸಿದ ಫೈಲು, ಬೇಗದಲ್ಲಿ ಫಾರ್ಮ್ಯಾಟ್ ಮಾಡಿದ ಫೈಲು ಅದರ ಮೇಲೆ ಹೊಸದು ಬರೆಯೋ ತನಕ ಸಾಮಾನ್ಯವಾಗಿ ಒಳಗೇ ಇರುತ್ತೆ. ಫೋಟೋರೆಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ಹುಡುಕಿ, ಸಿಕ್ಕಿದ್ದನ್ನ ಬೇರೆ ಕಡೆ ಉಳಿಸಬೇಕು, ಅದೇ ಡ್ರೈವಿಗೆ ಅಲ್ಲ. ಹಾಡು ತುಂಬಿಸೋ ಆತುರ ಆಮೇಲೆ.

ಕೊನೆಯದಾಗಿ ಸಂಘಗಳ ವಿಷಯ, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡೋದು. ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ದೇವಸ್ಥಾನದ ಸಮಿತಿ, ನೀರು ಬಳಕೆದಾರರ ಸಂಘ, ಇವೆಲ್ಲದರ ಲೆಕ್ಕ ಈಗ ಯಾರದೋ ಒಬ್ಬರ ಸ್ವಂತ ಪೆನ್ ಡ್ರೈವಿನಲ್ಲಿ ಇರುತ್ತೆ. ಕಾರ್ಯದರ್ಶಿ ಬದಲಾದ್ರೆ, ಊರು ಬಿಟ್ರೆ, ಜಗಳ ಆದ್ರೆ, ಲೆಕ್ಕಾನೂ ಅವರ ಜೊತೆ ಹೋಗುತ್ತೆ. ‘ಪೆನ್ ಡ್ರೈವ್ ಕರಪ್ಟ್ ಆಯ್ತು’ ಅಂದುಬಿಟ್ರೆ ನಿಜಾನಾ ಸುಳ್ಳಾ ಅಂತ ಹೇಳೋರು ಯಾರು? ಆಗ ಒಳ್ಳೆ ಮನುಷ್ಯನ ಮೇಲೂ ಅನುಮಾನ, ಕೆಟ್ಟೋನಿಗೆ ನೆಪ. ಸಂಘದ ದುಡ್ಡಲ್ಲೇ ಎರಡು ಡ್ರೈವ್ ಕೊಳ್ಳಲಿ. ಒಂದು ಕಾರ್ಯದರ್ಶಿ ಹತ್ರ, ಒಂದು ಅಧ್ಯಕ್ಷರ ಹತ್ರ. ಪ್ರತಿ ಸಭೆಯ ದಿನ ಎರಡರಲ್ಲೂ ಒಂದೇ ಲೆಕ್ಕ ಇರಬೇಕು, ಅದನ್ನ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ವರ್ಷದ ಕೊನೆಗೆ ಕಾಗದದ ಮೇಲೆ ಪ್ರಿಂಟ್ ತೆಗೆದು ಫೈಲಿಗೆ ಸೇರಿಸಬೇಕು. ಎರಡು ಡ್ರೈವಿನ ಖರ್ಚು ಒಂದು ಸಭೆಯ ಟೀ ಬೋಂಡಾದಷ್ಟೇ.

ಮಳೆ ಬರೋ ಮುಂಚೆ ಮನೆಯಲ್ಲಿ ಸ್ವಲ್ಪ ಬಿಡುವು ಇರೋ ದಿನಗಳಿವು. ಕೀ ಗೊಂಚಲಿನಿಂದ ಅದನ್ನ ಬಿಚ್ಚಿ. ಮನೆ ಹುಡುಗರನ್ನ ಕೂರಿಸ್ಕೊಂಡು ಒಳಗೇನಿದೆ ನೋಡಿ, ಎರಡು ರಾಶಿ ಮಾಡಿ. ಎರಡನೇ ರಾಶಿಯಲ್ಲಿ ಬಂದದ್ದರ ಒಂದು ಪ್ರತಿ ಈ ವಾರವೇ ಬೇರೆ ಮನೆಗೆ ಹೋಗಲಿ. ನಿಮ್ಮೂರಲ್ಲಿ ಮಳೆ ಲೆಕ್ಕವನ್ನೋ, ಕೆರೆ ಕೋಡಿ ಬಿದ್ದ ವರ್ಷಗಳನ್ನೋ ಬರೆದಿಟ್ಟ ಹಿರಿಯರು ಇದ್ರೆ ಅವರ ಹತ್ರ ಕೂತು ಫೋಟೋ ತೆಗೀರಿ, ನಾಲ್ಕು ಜನಕ್ಕೆ ಹಂಚಿ. ಪುಸ್ತಕ ಮಾತ್ರ ಅವರ ಹತ್ರಾನೇ ಇರ್ಲಿ.

ತೆಂಗಿನ ಗೊಬ್ಬರ ಮುಂದಿನ ವಾರ.